ಹೃದಯದ ಲೆಕ್ಕ ಬರೆದಿಟ್ಟ ಫಿಕ್

ಮೆಟೀರಿಯಲ್ ಸೈನ್ಸ್ ಓದಿದವರಿಗೆಲ್ಲ ಫಿಕ್ ಗೊತ್ತು. ಡಿಫ್ಯೂಷನ್‌ನ ಮೊದಲ ನಿಯಮ, ಎರಡನೇ ನಿಯಮ ಅಂತ ಬಾಯಿಪಾಠ ಮಾಡಿ, ಇಂಟರ್ನಲ್ಸ್‌ನಲ್ಲಿ ಬರೆದು, ಮರೆತಿರ್ತೀವಿ. ಆ ಫಿಕ್ ವೈದ್ಯರು ಅಂತ ನನಗಂತೂ ಗೊತ್ತಿರಲಿಲ್ಲ.

ಅಡಾಲ್ಫ್ ಫಿಕ್ 1829ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಹುಟ್ಟಿದರು. ಒಂಬತ್ತು ಮಕ್ಕಳಲ್ಲಿ ಕೊನೆಯವರು. ತಂದೆ ಊರಿನ ಕಟ್ಟಡ ಕಾಮಗಾರಿ ನೋಡಿಕೊಳ್ಳುತ್ತಿದ್ದರು. ಮಾರ್ಬುರ್ಗ್‌ನಲ್ಲಿ ಗಣಿತಕ್ಕೆ ಸೇರಿದವರು ವೈದ್ಯಕೀಯಕ್ಕೆ ಹೊರಳಿದರು, ಆದರೆ ಗಣಿತವನ್ನು ಬಿಡಲಿಲ್ಲ. 1855ರಲ್ಲಿ, ಜ್ಯೂರಿಕ್‌ನಲ್ಲಿದ್ದಾಗ, ಶಾಖ ಹರಿಯುವುದಕ್ಕೆ ಫೂರಿಯೇ ಬರೆದಿದ್ದ ಸಮೀಕರಣ ನೀರಿನಲ್ಲಿ ಉಪ್ಪು ಹರಡುವುದಕ್ಕೂ ಹೊಂದುತ್ತದೆ ಎಂದು ತೋರಿಸಿದರು. ನಮ್ಮ ಸಿಲಬಸ್ ಇಲ್ಲಿಗೇ ನಿಲ್ಲುತ್ತೆ.

ಅಸಲಿ ಕಥೆ 1870ರದು. ಆಗ ಅವರು ವ್ಯುರ್ಟ್ಸ್‌ಬುರ್ಗ್‌ನಲ್ಲಿ ಪ್ರಾಧ್ಯಾಪಕರು. ಹೃದಯ ನಿಮಿಷಕ್ಕೆ ಎಷ್ಟು ರಕ್ತ ತಳ್ಳುತ್ತೆ ಅಂತ ಎದೆ ಸೀಳದೆ ತಿಳಿಯೋದು ಹೇಗೆ? ಫಿಕ್ ಹಿಡಿದದ್ದು ಬರೀ ಜಮಾ-ಖರ್ಚಿನ ದಾರಿ. ದೇಹ ನಿಮಿಷಕ್ಕೆ 250 ಮಿಲಿಲೀಟರ್ ಆಮ್ಲಜನಕ ಬಳಸುತ್ತೆ ಅನ್ನಿ. ಹೃದಯದಿಂದ ಹೊರಟ ಒಂದು ಲೀಟರ್ ರಕ್ತದಲ್ಲಿ 200 ಇತ್ತು, ದೇಹ ಸುತ್ತಿ ವಾಪಸ್ ಬಂದಾಗ 150 ಉಳಿದಿದೆ. ಲೀಟರಿಗೆ 50 ಖರ್ಚಾಯ್ತು; ಅಂದ್ರೆ ಹರಿದ ರಕ್ತ 5 ಲೀಟರ್. ಅಷ್ಟೇ!

ಲೆಕ್ಕ ಸುಲಭ, ಅಳೆಯೋದು ಕಷ್ಟ. ವಾಪಸ್ ಬಂದ ರಕ್ತ ಬೇಕೆಂದರೆ ಹೃದಯದ ಬಲಭಾಗಕ್ಕೇ ಕೈಹಾಕಬೇಕು. ಫಿಕ್ ಸ್ವತಃ ಆ ಅಳತೆ ಮಾಡಲೇ ಇಲ್ಲ, 1901ರಲ್ಲಿ ತೀರಿಕೊಂಡರು. 1929ರಲ್ಲಿ ಫೋರ್ಸ್‌ಮನ್ ಎಂಬ ಯುವ ವೈದ್ಯ ತನ್ನದೇ ತೋಳಿನ ರಕ್ತನಾಳದಿಂದ ಹೃದಯದವರೆಗೆ ಕೊಳವೆ ತೂರಿಸಿಕೊಂಡ. (ಹಾಸ್ಟೆಲ್‌ನಲ್ಲಿ ಯಾರೂ ಟ್ರೈ ಮಾಡಬೇಡಿ.) ಆ ದಾರಿಯಲ್ಲೇ ಕೂರ್ನಾಂ, ರಿಚರ್ಡ್ಸ್ 1940ರ ದಶಕದಲ್ಲಿ ರೋಗಿಗಳ ಹೃದಯದಲ್ಲಿ ಫಿಕ್ ಲೆಕ್ಕ ಹಾಕಿದರು. ಮೂವರಿಗೂ 1956ರಲ್ಲಿ ನೊಬೆಲ್ ಬಂತು.

ಮುಂದೆ ಪೇಸ್‌ಮೇಕರ್ ಎಂಜಿನಿಯರುಗಳಿಗೂ ಇದೇ ಲೆಕ್ಕ ನೆನಪಾಯ್ತು. ಮೆಟ್ಟಿಲು ಹತ್ತುವಾಗ ದೇಹ ಹೆಚ್ಚು ಆಮ್ಲಜನಕ ಹೀರುತ್ತೆ. ಹೃದಯದ ವೇಗ ಅದಕ್ಕೆ ತಕ್ಕಂತೆ ಏರದಿದ್ದರೆ, ವಾಪಸ್ ಬರುವ ರಕ್ತದಲ್ಲಿ ಆಮ್ಲಜನಕ ಇನ್ನೂ ಇಳಿಯುತ್ತೆ. ಹಾಗಾಗಿ ಹೃದಯದೊಳಗಿನ ತಂತಿಯಲ್ಲೇ ಪುಟ್ಟ ಎಲ್‌ಇಡಿ, ಫೋಟೋಡಯೋಡ್ ಇಟ್ಟು, ರಕ್ತದಿಂದ ಮರಳುವ ಬೆಳಕು ನೋಡಿ ಬಡಿತ ಏರಿಸುವ ಪೇಸ್‌ಮೇಕರ್ ಮಾಡಿದರು. ಎದೆ ಅಲುಗಿಸದೆ ಸೈಕಲ್ ತುಳಿದರೆ ಆಕ್ಸಲರೋಮೀಟರ್ ಮೋಸಹೋಗಬಹುದು, ರಕ್ತ ಹೋಗಲ್ಲ. ಆದ್ರೂ ಹೆಚ್ಚು ಬಳಕೆಗೆ ಬಂದದ್ದು ಆಕ್ಸಲರೋಮೀಟರೇ. ಕಾರಣ ಲೆಕ್ಕದ್ದಲ್ಲ: ದೇಹ ಆ ಸೆನ್ಸರ್ ಕಿಟಕಿಯ ಮೇಲೆ ಮೆಲ್ಲಗೆ ಅಂಗಾಂಶದ ಪದರ ಬೆಳೆಸಿ ಬೆಳಕಿಗೆ ಅಡ್ಡ ಬರ್ತಿತ್ತು.