ಗಾಜು ತಿಕ್ಕಿ ಬಾಳಿದ ತತ್ತ್ವಜ್ಞಾನಿ

ತತ್ತ್ವಜ್ಞಾನಿಯೆಂದೊಡನೆ ಆಶ್ರಮವನ್ನೋ ವಿದ್ಯಾಪೀಠವನ್ನೋ ನೆನೆಯುವುದು ನಮ್ಮ ರೂಢಿ. ಬರೂಕ್ ಸ್ಪಿನೋಜನಿಗೆ ಇವೆರಡೂ ಇರಲಿಲ್ಲ. ಬಾಡಿಗೆಯ ಕೋಣೆಯಲ್ಲಿ ಕುಳಿತು, ದೂರದರ್ಶಕ ಸೂಕ್ಷ್ಮದರ್ಶಕಗಳ ಗಾಜನ್ನು ತಿಕ್ಕಿ ನಯಗೊಳಿಸುತ್ತ ಆತನು ಬಾಳಿದನು.

ಆತನು ಹಾಲೆಂಡಿನ ಆಮ್‌ಸ್ಟರ್‌ಡಾಮ್ ನಗರದಲ್ಲಿ 1632ರಲ್ಲಿ ಜನಿಸಿದನು. ಮತಪೀಡನೆಗೆ ಅಂಜಿ ಪೋರ್ತುಗಲ್ ದೇಶವನ್ನು ತೊರೆದು ಬಂದ ಯೆಹೂದ್ಯರ ಮನೆತನ; ತಂದೆ ವ್ಯಾಪಾರಿ. ಸ್ಪಿನೋಜನ ವಿಚಾರಗಳು ಸಮಾಜದ ಹಿರಿಯರಿಗೆ ಸಹ್ಯವಾಗಲಿಲ್ಲ. 1656ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲೇ ಆತನಿಗೆ ಬಹಿಷ್ಕಾರವಾಯಿತು. ಸ್ವಜನರಾರೂ ಆತನೊಡನೆ ಮಾತನಾಡಕೂಡದು, ಒಂದೇ ಸೂರಿನಡಿ ಇರಕೂಡದು, ಆತನು ಬರೆದುದನ್ನು ಓದಕೂಡದು. ಪರಸ್ಥಳದಲ್ಲಿ ತನ್ನವರು ಕೈಬಿಟ್ಟರೆಂದರೆ ಏನೆಂಬುದನ್ನು ಊರು ಬಿಟ್ಟು ಬಂದಿರುವ ನಾವು ವಿವರಿಸಬೇಕಾಗಿಲ್ಲ.

ಮಿತ್ರನಾದ ಸೀಮೋನ್ ದ ವ್ರೀಸನು ತನ್ನ ಆಸ್ತಿಯನ್ನೇ ಈತನಿಗೆ ಬರೆದಿಡಲು ಮುಂದಾದನು. ಅದು ನಿನ್ನ ಸೋದರನಿಗೆ ಸಲ್ಲಬೇಕಾದುದೆಂದು ಸ್ಪಿನೋಜನು ತಡೆದನು. ಮಿತ್ರನು ಗತಿಸಿದ ಮೇಲೆ ವರ್ಷಕ್ಕೆ 500 ಗಿಲ್ಡರ್ ಕೊಡಲು ಮನೆಯವರು ಬಂದಾಗ, ಅಷ್ಟು ಬೇಡವೆಂದು 300ಕ್ಕೆ ಇಳಿಸಿದನಂತೆ. ತನಗೆ ಬರುವುದನ್ನು ತಾನೇ ಕಡಿಮೆ ಮಾಡಿಸಿಕೊಂಡವರನ್ನು ನಾವಂತೂ ಕಂಡಿಲ್ಲ! 1673ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಪ್ರಾಧ್ಯಾಪಕ ಪದವಿಯನ್ನು ನೀಡಬಂದಿತು. ರೂಢಿಯ ಮತಕ್ಕೆ ಭಂಗ ತರಬಾರದೆಂಬ ಒಂದು ಮಾತು ಅದರಲ್ಲಿತ್ತು. ಆ ಎಲ್ಲೆ ಎಲ್ಲಿದೆಯೆಂದು ತಿಳಿಯದೆ, ಆತನು ವಿನಯದಿಂದಲೇ ಒಲ್ಲೆನೆಂದನು.

ಹಾಗೆಂದು ಸ್ಪಿನೋಜನು ಮೋರೆ ಬಿಗಿದ ವಿರಾಗಿಯಲ್ಲ. ಹಿತವಾದ ಊಟ, ಸುಗಂಧ, ಸಂಗೀತ, ನಾಟಕಗಳನ್ನು ಮಿತಿಯಲ್ಲಿ ಸವಿಯುವುದು ವಿವೇಕಿಗೆ ಒಪ್ಪುವುದೆಂದು ಆತನು ಬರೆದನು. ಕೋಪ, ಭಯ, ಆಸೆಗಳು ನಮ್ಮನ್ನು ಆಳುವವರೆಗೆ ನಾವು ದಾಸರು. ಅವು ಹುಟ್ಟುವ ಕಾರಣವನ್ನು ಅರಿತಷ್ಟೂ ಅವುಗಳ ಬಿಗಿ ಸಡಿಲುವುದೆಂಬುದು ಆತನ ಬೋಧೆ. ಸದ್ಗುಣಕ್ಕೆ ಸುಖವು ಮುಂದೆಂದೋ ದೊರೆಯುವ ಕೂಲಿಯಲ್ಲ, ಸದ್ಗುಣದ ಬಾಳೇ ಸುಖವೆಂದು ಆತನು ಕಂಡುಕೊಂಡನು.

ಇದನ್ನೆಲ್ಲ ಒಳಗೊಂಡ ‘ಎಥಿಕ್ಸ್’ ಗ್ರಂಥ 1675ರಲ್ಲೇ ಸಿದ್ಧವಾಗಿದ್ದರೂ, ಕಾಲ ಪ್ರತಿಕೂಲವೆಂದರಿತು ಆತನು ಅಚ್ಚಿಗೆ ಕೊಡಲಿಲ್ಲ. 1677ರ ಫೆಬ್ರವರಿ 21ರಂದು ಹೇಗ್ ನಗರದಲ್ಲಿ, ಒಬ್ಬ ಚಿತ್ರಕಾರನ ಮನೆಯ ಬಾಡಿಗೆಯ ಕೋಣೆಯಲ್ಲಿ ಶ್ವಾಸಕೋಶದ ರೋಗದಿಂದ ತೀರಿಕೊಂಡನು. ವಯಸ್ಸು 44. ಗಾಜಿನ ಧೂಳು ರೋಗವನ್ನು ಹೆಚ್ಚಿಸಿರಬಹುದೆಂದು ಹೇಳುವವರುಂಟು. ಹಸ್ತಪ್ರತಿಗಳಿದ್ದ ಮೇಜನ್ನು ಮನೆಯ ಯಜಮಾನನು ಆಮ್‌ಸ್ಟರ್‌ಡಾಮಿನ ಪ್ರಕಾಶಕನಿಗೆ ಕಳುಹಿಸಿಕೊಟ್ಟನು. ಅದೇ ವರ್ಷ ಮಿತ್ರರು ಗ್ರಂಥವನ್ನು ಅಚ್ಚುಹಾಕಿಸಿದರು. ಮುಖಪುಟದಲ್ಲಿ ಕರ್ತೃವಿನ ಹೆಸರಿರಲಿಲ್ಲ. ಮೂರು ಅಕ್ಷರಗಳು ಮಾತ್ರ ಇದ್ದುವು.