ಗ್ರೀನ್ ಟೀ ಹಸಿರಾಗಿದ್ದಷ್ಟೂ ಅಸಲಿಯೇ? ನೀಲಿ ಬಣ್ಣದ ಗುಟ್ಟು ಕಂಡ ರಾಬರ್ಟ್ ಫಾರ್ಚೂನ್

ಗ್ರೀನ್ ಟೀ ಬೇರೆಯೇ ಗಿಡದ್ದು, ಎಲೆ ಕಡು ಹಸಿರಾಗಿದ್ದಷ್ಟೂ ಅಸಲಿ ಚೀನಾ ಮಾಲು ಎಂಬ ಮಾತನ್ನು ನೀವೂ ಕೇಳಿರಬಹುದು. ಎರಡೂ ತಪ್ಪು. ಇದನ್ನು 170 ವರ್ಷಗಳ ಹಿಂದೆಯೇ ಕಣ್ಣಾರೆ ಕಂಡು ಬರೆದಿಟ್ಟವನು ರಾಬರ್ಟ್ ಫಾರ್ಚೂನ್.

ಆತ ಹುಟ್ಟಿದ್ದು 1812ರಲ್ಲಿ, ಸ್ಕಾಟ್ಲೆಂಡಿನ ಬಡ ಕುಟುಂಬದಲ್ಲಿ. ತೋಟದ ಕೆಲಸ ಮಾಡುತ್ತಲೇ ಸಸ್ಯಶಾಸ್ತ್ರ ಕಲಿತ. 1843ರಲ್ಲಿ ಲಂಡನ್ನಿನ ತೋಟಗಾರಿಕಾ ಸೊಸೈಟಿ ಆತನನ್ನು ಹೊಸ ಹೂಗಿಡಗಳನ್ನು ತರಲು ಚೀನಾಕ್ಕೆ ಕಳಿಸಿತು. ಹಸಿರು ಚಹಾ, ಕಪ್ಪು ಚಹಾ ಎರಡು ಬೇರೆ ಗಿಡಗಳದ್ದು ಎಂದೇ ಆಗ ಯುರೋಪಿನವರು ನಂಬಿದ್ದರು. ಸಸ್ಯಗಳಿಗೆ ಹೆಸರಿಟ್ಟ ದೊಡ್ಡ ವಿಜ್ಞಾನಿ ಲಿನೇಯಸ್ ಕೂಡ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟಿದ್ದ. ತೋಟಗಳಲ್ಲಿ ಓಡಾಡಿದ ಫಾರ್ಚೂನ್‌ಗೆ ಕಂಡದ್ದೇ ಬೇರೆ: ಒಂದೇ ಗಿಡದಿಂದ ಎರಡನ್ನೂ ಮಾಡಬಹುದು.

ಕೊಯ್ದ ಎಲೆಯನ್ನು ಉಜ್ಜಿ ಬಿಟ್ಟರೆ ಹೆಚ್ಚಿಟ್ಟ ಬದನೆಕಾಯಿಯಂತೆ ಗಾಳಿ ತಾಗಿ ಕಪ್ಪಾಗುತ್ತದೆ. ಕೊಯ್ದ ಬೆನ್ನಿಗೇ ಬಿಸಿ ಬಾಣಲೆಯಲ್ಲಿ ಹುರಿದರೆ ಹಸಿರಾಗಿಯೇ ಉಳಿಯುತ್ತದೆ. ವ್ಯತ್ಯಾಸ ಇಷ್ಟೇ. ನಮ್ಮ ಭದ್ರಾ ನದಿಯ ಮೇಲ್ಭಾಗದಲ್ಲಿ, ಕಳಸದ ಹತ್ತಿರ ಸಂಸೆಯ ಚಹಾ ತೋಟದಲ್ಲಿರುವುದೂ ಇದೇ ಜಾತಿಯ ಗಿಡ.

1848ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಆತನಿಗೆ ವರ್ಷಕ್ಕೆ 500 ಪೌಂಡ್ ಸಂಬಳ ಕೊಟ್ಟು ಚಹಾ ಗಿಡ ತರಲು ಮತ್ತೆ ಕಳಿಸಿತು. ಒಳನಾಡಿಗೆ ವಿದೇಶಿಯರಿಗೆ ಪ್ರವೇಶವಿರಲಿಲ್ಲ. ಆತ ತಲೆ ಬೋಳಿಸಿ, ಜಡೆ ಕಟ್ಟಿಸಿಕೊಂಡು, ಚೀನೀ ವೇಷದಲ್ಲೇ ಹೋದ. ನೇರವಾಗಿ ಹೇಳಿದರೆ ಅದು ಕಳ್ಳತನವೇ.

ಅಲ್ಲಿನ ಹಸಿರು ಚಹಾ ಕಾರ್ಖಾನೆಯಲ್ಲಿ ಕೆಲಸಗಾರರ ಕೈಗಳೆಲ್ಲ ನೀಲಿ! ರಫ್ತಾಗುವ ಎಲೆಗೆ ಅವರು ಪ್ರಷ್ಯನ್ ಬ್ಲೂ ಮತ್ತು ಜಿಪ್ಸಂ ಪುಡಿ ಸವರುತ್ತಿದ್ದರು. ಫಾರ್ಚೂನ್ ಲೆಕ್ಕದ ಪ್ರಕಾರ ಕಿಲೋಗೆ 5 ಗ್ರಾಂಗೂ ಹೆಚ್ಚು. ಚೀನೀಯರು ಇದನ್ನು ಕುಡಿಯುತ್ತಿರಲಿಲ್ಲ. ಹೊಳೆಯುವ ಹಸಿರು ಬೇಕೆಂದು ಹೆಚ್ಚು ದುಡ್ಡು ಕೊಡುತ್ತಿದ್ದವರು ವಿದೇಶಿಯರು! ಆ ಪುಡಿಗಳ ಮಾದರಿಯನ್ನು ಆತ ಲಂಡನ್ನಿಗೆ ಕಳಿಸಿದ, 1851ರ ಮಹಾ ಪ್ರದರ್ಶನದಲ್ಲಿ ಅವನ್ನು ಜನರ ಮುಂದಿಟ್ಟರು.

ಅದೇ ವರ್ಷ ಸಾವಿರಾರು ಸಸಿಗಳು ಮತ್ತು ಚೀನೀ ಕೆಲಸಗಾರರೊಂದಿಗೆ ಕೋಲ್ಕತ್ತಾಕ್ಕೆ ಬಂದ. ಭಾರತಕ್ಕೆ ಚಹಾ ತಂದವನೇ ಈತ ಎಂಬ ಫಾರ್ವರ್ಡ್ ಮಾತ್ರ ನಂಬಬೇಡಿ. ಅಸ್ಸಾಂನಲ್ಲಿ ಚಹಾ ಗಿಡ ಮೊದಲೇ ಇತ್ತು, 1839ರಲ್ಲೇ ಅಲ್ಲಿನ ಚಹಾ ಲಂಡನ್ನಿನಲ್ಲಿ ಹರಾಜಾಗಿತ್ತು. ಫಾರ್ಚೂನ್ 1880ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ.

ಈಗ ಶಿವಮೊಗ್ಗದ ಗಾಂಧಿ ಬಜಾರಿನಲ್ಲೋ ಭದ್ರಾವತಿಯಲ್ಲೋ ಚೀನಾದ ಗ್ರೀನ್ ಟೀ ಕೊಳ್ಳುವಾಗ ಬಣ್ಣ ನೋಡಿ ಮರುಳಾಗಬೇಡಿ. ಸಾಮಾನ್ಯ ಎಲೆ ಮಾಸಲು ಹಸಿರು ಅಥವಾ ಹಳದಿ ಮಿಶ್ರಿತ ಹಸಿರು. ಪ್ಯಾಕೆಟ್ ಮೇಲೆ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಪ್ಯಾಕ್ ಮಾಡಿದ ದಿನಾಂಕ, ಬಂದ ದೇಶ ಇರಲಿ. ಬಿಳಿ ಫಿಲ್ಟರ್ ಪೇಪರ್ ಮೇಲೆ ಎಲೆ ಉದುರಿಸಿ ನೀರು ಚಿಮುಕಿಸಿ, ತಕ್ಷಣ ಕಲೆಯಾದರೆ ಬಣ್ಣ ಬೆರೆಸಿದ್ದಾರೆಂದು ಅರ್ಥ. ಪ್ರಷ್ಯನ್ ಬ್ಲೂ ನೀರಿನಲ್ಲಿ ಕರಗದು, ಹಾಗಾಗಿ ಅದು ಈ ಪರೀಕ್ಷೆಗೆ ಸಿಗುವುದಿಲ್ಲ.

ಕುದಿಸುವುದು ಬೇಡ, ಕಹಿಯಾಗುತ್ತದೆ. ನೀರು ಕುದಿದ ಮೇಲೆ ಒಲೆ ಆರಿಸಿ, ಮುಚ್ಚಳ ತೆಗೆದು ಸುಮಾರು 5 ನಿಮಿಷ ಬಿಡಿ. ಲೋಟಕ್ಕೆ ಒಂದು ಚಮಚ ಎಲೆ, 2 ನಿಮಿಷ ನೆನೆದರೆ ಸಾಕು. ಸೋಸಿದ ಎಲೆ ಬಿಸಾಡಬೇಡಿ, ಅದರಲ್ಲೇ ಇನ್ನೊಂದು ಲೋಟ ಆಗುತ್ತದೆ.