ರಿಮೋಟ್ ದೋಣಿ ಬಿಟ್ಟ ಟೆಸ್ಲಾ: ಜನ ಬೆರಗಾದರು, ಕೊಳ್ಳೋರು ಬರಲಿಲ್ಲ

ಮದುವೆ ಮನೇಲಿ ತಲೆ ಮೇಲೆ ಗುಂಯ್ ಅಂತ ಹಾರೋ ಡ್ರೋನ್ ಕ್ಯಾಮೆರಾ, ಜಾತ್ರೇಲಿ ಮಕ್ಕಳು ಹಟ ಮಾಡಿ ತಗೊಳ್ಳೋ ರಿಮೋಟ್ ಕಾರು, ದೂರದಿಂದ ಬಟನ್ ಒತ್ತಿದರೆ ಲಾಕ್ ಆಗೋ ಕಾರಿನ ಬಾಗಿಲು. ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಈ ಬಳ್ಳಿಯ ಬೇರು ಹುಡುಕಿಕೊಂಡು ಹೋದರೆ 1898ನೇ ಇಸವಿಯ ನ್ಯೂಯಾರ್ಕ್ ಸಿಗುತ್ತೆ. ಅಲ್ಲಿ ನೀರಿನ ತೊಟ್ಟಿಯೊಂದರಲ್ಲಿ ಸುಮಾರು ನಾಲ್ಕು ಅಡಿ ಉದ್ದದ ದೋಣಿ. ದೋಣಿಗೆ ಹಗ್ಗ ಇಲ್ಲ, ವೈರ್ ಇಲ್ಲ, ಒಳಗೆ ಮನುಷ್ಯನೂ ಇಲ್ಲ. ಆದರೂ ದಡದಲ್ಲಿ ನಿಂತವರು ಹೇಳಿದ ಹಾಗೆ ಅದು ತಿರುಗುತ್ತಿತ್ತು.

ದಡದಲ್ಲಿ ನಿಂತಿದ್ದವರು ನಿಕೋಲಾ ಟೆಸ್ಲಾ. ಈ ಹೆಸರು ಕೇಳಿದ ಕೂಡಲೇ ಇವತ್ತಿನ ಹುಡುಗರಿಗೆ ಕರೆಂಟ್ ಕಾರು ನೆನಪಾಗುತ್ತೆ. ಆ ಕಂಪನಿ ಇವರ ಹೆಸರು ಇಟ್ಟುಕೊಂಡಿದೆ ಅಷ್ಟೇ. 2003ರಲ್ಲಿ ಕಂಪನಿ ಶುರುವಾಗುವಾಗ ಟೆಸ್ಲಾ ತೀರಿಕೊಂಡು 60 ವರ್ಷ ಆಗಿತ್ತು. ಜುಲೈ 10 ಅವರು ಹುಟ್ಟಿದ ದಿನ. ಅದರ ನೆಪದಲ್ಲಿ ಅವರ ದೋಣಿಯ ಕಥೆ, ಜೊತೆಗೆ ಅವರ ಕಥೆ.

ಹಳ್ಳದ ಪಕ್ಕದ ಮನೆ

ಟೆಸ್ಲಾ ಹುಟ್ಟಿದ್ದು 1856ರಲ್ಲಿ, ಸ್ಮಿಲ್ಯಾನ್ ಅನ್ನೋ ಹಳ್ಳಿಯಲ್ಲಿ. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿತ್ತು, ಈಗ ಕ್ರೊಯೇಷಿಯಾ ದೇಶದಲ್ಲಿದೆ. ತಂದೆ ಚರ್ಚಿನ ಪಾದ್ರಿ. ತಾಯಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಮನೆಗೆ ಬೇಕಾದ ಸಣ್ಣಪುಟ್ಟ ಸಾಧನಗಳನ್ನು ತಾವೇ ಯೋಚಿಸಿ ಮಾಡಿಕೊಳ್ಳೋ ಕೈಗುಣ ಅವರಿಗಿತ್ತು. ತನ್ನ ಬುದ್ಧಿ ತಾಯಿಯಿಂದ ಬಂದದ್ದು ಅಂತ ಟೆಸ್ಲಾ ಕೊನೆವರೆಗೂ ನಂಬಿದ್ದರು.

ಮನೆ ಹತ್ತಿರ ಒಂದು ಹಳ್ಳ ಹರಿಯುತ್ತಿತ್ತು. ಹುಡುಗ ಅದರಲ್ಲಿ ಮರದ ಚಕ್ರ ಇಟ್ಟು ತಿರುಗಿಸಿ ಆಡುತ್ತಿದ್ದ. ನೀರಿನ ಜೊತೆಗಿನ ನಂಟು ಶುರುವಾಗಿದ್ದು ಅಲ್ಲಿಂದಲೇ.

ಮಗನೂ ಪಾದ್ರಿ ಆಗಲಿ ಅನ್ನೋದು ತಂದೆಯ ಆಸೆ. 1873ರಲ್ಲಿ ಹುಡುಗನಿಗೆ ಕಾಲರಾ ಬಂತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದ, ಬದುಕೋದೇ ಅನುಮಾನ ಅನ್ನೋ ಸ್ಥಿತಿ. ವಾಸಿಯಾದರೆ ಎಂಜಿನಿಯರಿಂಗ್ ಓದಿಸ್ತೀನಿ ಅಂತ ತಂದೆ ಮಾತು ಕೊಟ್ಟರು. ಹುಡುಗ ಎದ್ದು ಕೂತ. ಕೊಟ್ಟ ಮಾತು ತಂದೆ ತಪ್ಪಲಿಲ್ಲ.

ಡಿಗ್ರಿ ಅರ್ಧಕ್ಕೆ ನಿಂತಿತು

1875ರಲ್ಲಿ ಗ್ರಾಜ್ ಪಟ್ಟಣದ ಪಾಲಿಟೆಕ್ನಿಕ್ ಸೇರಿದರು. ಮೊದಲ ವರ್ಷ ಎಲ್ಲದರಲ್ಲೂ ಮುಂದು. ಆಮೇಲೆ ಇಸ್ಪೀಟು, ಜೂಜು ಅಂಟಿಕೊಂಡಿತು. ಓದು ಕೈತಪ್ಪಿತು. 1878ರ ಕೊನೆಗೆ ಕಾಲೇಜು ಬಿಟ್ಟರು, ಮನೆಯವರಿಗೆ ಹೇಳಲೂ ಇಲ್ಲ. ಡಿಗ್ರಿ ಕೈಗೆ ಬರಲೇ ಇಲ್ಲ.

ಜೂಜಿನ ಚಟ ಬಿಡಿಸಿದ್ದು ತಾಯಿ. ಬೈಯಲಿಲ್ಲ, ಅಳಲಿಲ್ಲ. ಒಂದು ದಿನ ನೋಟಿನ ಸುರುಳಿಯನ್ನು ಮಗನ ಕೈಗಿಟ್ಟು, ಹೋಗಿ ಇದನ್ನೂ ಕಳೆದುಕೊಂಡು ಬಾ ಅಂದರಂತೆ. ಆ ದಿನವೇ ಚಟ ಬಿಟ್ಟೆ ಅಂತ ಟೆಸ್ಲಾ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ.

ಇದನ್ನು ಬರೆಯುತ್ತಿರೋ ನಾನೂ ಡಿಗ್ರಿ ಅರ್ಧಕ್ಕೆ ಬಿಟ್ಟವನೇ. ಅದಕ್ಕೇ ಈ ಭಾಗ ಓದುವಾಗ ಸ್ವಲ್ಪ ಹೊತ್ತು ನಿಂತೆ. ಕಾಲೇಜು ಬಿಟ್ಟವರೆಲ್ಲ ಟೆಸ್ಲಾ ಆಗ್ತಾರೆ ಅಂತ ಹೇಳೋಕೆ ಹೊರಟಿಲ್ಲ. ಅವರು ಬಿಟ್ಟಿದ್ದು ಕಾಲೇಜನ್ನು, ಕಲಿಯೋದನ್ನಲ್ಲ. 1894ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಅವರನ್ನೇ ಕರೆದು ಗೌರವ ಡಾಕ್ಟರೇಟ್ ಕೊಟ್ಟಿತು.

ಗುಂಡಿ ತೋಡಿದ ಎಂಜಿನಿಯರ್

ಬುಡಾಪೆಸ್ಟ್‌ನಲ್ಲಿ ಟೆಲಿಫೋನ್ ಕೆಲಸ, ಪ್ಯಾರಿಸ್‌ನಲ್ಲಿ ಎಡಿಸನ್ ಕಂಪನಿ ಕೆಲಸ. ಅಲ್ಲಿಂದ 1884ರಲ್ಲಿ ನ್ಯೂಯಾರ್ಕ್. ಎಡಿಸನ್ ಹತ್ತಿರ ಕೆಲವೇ ತಿಂಗಳು ಇದ್ದು ಹೊರಬಂದರು. ಪಾಲುದಾರರ ಜೊತೆ ಸೇರಿ ಕಂಪನಿ ಕಟ್ಟಿದರು. ಕೆಲಸ ಮುಗಿದ ಮೇಲೆ ಪಾಲುದಾರರು ಇವರನ್ನೇ ಹೊರಗೆ ಹಾಕಿದರು. ಹೊಟ್ಟೆಪಾಡಿಗೆ ಬೀದಿಯಲ್ಲಿ ಗುಂಡಿ ತೋಡೋ ಕೂಲಿ ಕೆಲಸಕ್ಕೂ ಹೋದರು.

1888ರಲ್ಲಿ ಅದೃಷ್ಟ ತಿರುಗಿತು. ಎಸಿ ಕರೆಂಟಿನಿಂದ ತಿರುಗೋ ಅವರ ಮೋಟರ್ ಮತ್ತು ಅದಕ್ಕೆ ಬೇಕಾದ ಇಡೀ ವ್ಯವಸ್ಥೆಯ ಪೇಟೆಂಟುಗಳನ್ನು ವೆಸ್ಟಿಂಗ್‌ಹೌಸ್ ಕಂಪನಿ ತೆಗೆದುಕೊಂಡಿತು. 1896ರಲ್ಲಿ ನಯಾಗರಾ ಜಲಪಾತದ ಕರೆಂಟ್ ಬಫಲೋ ನಗರಕ್ಕೆ ಹರಿಯಿತು. ನಮ್ಮ ಕಡೆಗೂ ಇದು ಬರಲು ಹೆಚ್ಚು ದಿನ ಹಿಡಿಯಲಿಲ್ಲ. 1902ರ ಜೂನ್ 30ರಂದು ನಮ್ಮ ಮಳವಳ್ಳಿ ತಾಲೂಕಿನ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹೋದದ್ದೂ ಮೂರು ಫೇಸಿನ ಎಸಿ ಕರೆಂಟೇ. ನಮ್ಮ ಗದ್ದೆಯ ಪಂಪ್‌ಸೆಟ್, ಊರಿನ ಹಿಟ್ಟಿನ ಗಿರಣಿ ತಿರುಗೋದೂ ಇದೇ ಜಾತಿಯ ಮೋಟರಿನಿಂದ.

ದೋಣಿ ಒಳಗೆ ಏನಿತ್ತು?

1895ರ ಮಾರ್ಚ್ 13ರಂದು ಟೆಸ್ಲಾ ಅವರ ಲ್ಯಾಬಿಗೆ ಬೆಂಕಿ ಬಿತ್ತು. ವರ್ಷಗಟ್ಟಲೆ ಮಾಡಿದ ಯಂತ್ರ, ಬರೆದಿಟ್ಟ ಕಾಗದ ಎಲ್ಲ ಒಂದೇ ರಾತ್ರಿ ಬೂದಿ. ವೈರ್ ಇಲ್ಲದೆ ಯಂತ್ರ ಓಡಿಸೋ ಪ್ರಯೋಗವೂ ಅದರ ಜೊತೆ ನಿಂತಿತು. ಬೇರೆ ಬೀದಿಯಲ್ಲಿ ಬೇರೆ ಲ್ಯಾಬ್ ಮಾಡಿಕೊಂಡು ಮೊದಲಿಂದ ಶುರು ಮಾಡಿದರು. ಅಲ್ಲಿ ಹುಟ್ಟಿದ್ದೇ ಈ ದೋಣಿ.

ಲೋಹದ ಮೈ, ನೀರಿನಿಂದ ಸ್ವಲ್ಪವೇ ಮೇಲೆ ಕಾಣೋ ಬೆನ್ನು, ಅದರ ಮೇಲೆ ಏರಿಯಲ್ ಕಂಬ. ಹೊಟ್ಟೆಯೊಳಗೆ ಬ್ಯಾಟರಿ. ದೋಣಿಯನ್ನು ಮುಂದೆ ತಳ್ಳೋಕೆ ಒಂದು ಮೋಟರ್, ಚುಕ್ಕಾಣಿ ತಿರುಗಿಸೋಕೆ ಇನ್ನೊಂದು. ಸಿಗ್ನಲ್ ಹಿಡಿಯೋದಕ್ಕೆ ಲೋಹದ ಪುಡಿ ಹಾಕಿದ ಸಣ್ಣ ಕೊಳವೆ. ರೇಡಿಯೋ ತರಂಗ ಬಂದು ತಾಗಿದರೆ ಪುಡಿ ಒಂದಕ್ಕೊಂದು ಅಂಟಿಕೊಂಡು ಕರೆಂಟಿಗೆ ದಾರಿ ಕೊಡುತ್ತೆ. ಆ ಸಣ್ಣ ಕರೆಂಟು ರಿಲೇ ಎಳೆಯುತ್ತೆ, ರಿಲೇ ಮೋಟರಿಗೆ ಬ್ಯಾಟರಿ ಜೋಡಿಸುತ್ತೆ.

ಇಲ್ಲೇ ಒಂದು ತಾಪತ್ರಯ ಇತ್ತು. ಒಮ್ಮೆ ಅಂಟಿಕೊಂಡ ಪುಡಿ ತಾನಾಗಿ ಬಿಡಲ್ಲ, ಬಿಡದಿದ್ದರೆ ಎರಡನೇ ಸಿಗ್ನಲ್ ಗೊತ್ತಾಗಲ್ಲ. ಅದಕ್ಕೆ ಪ್ರತಿ ಸಿಗ್ನಲ್ ಆದ ಮೇಲೆ ಕೊಳವೆ ತಾನೇ ಮಗುಚಿಕೊಂಡು ಪುಡಿ ಉದುರೋ ಹಾಗೆ ಟೆಸ್ಲಾ ಏರ್ಪಾಡು ಮಾಡಿದರು. ಒಂದು ಸಿಗ್ನಲ್‌ಗೆ ಒಳಗಿನ ಚಕ್ರ ಒಂದು ಹೆಜ್ಜೆ ಸರಿಯುತ್ತೆ. ಒಂದು ಹೆಜ್ಜೆಗೆ ಚುಕ್ಕಾಣಿ ಒಂದು ಕಡೆ, ಮುಂದಿನದಕ್ಕೆ ನಿಲ್ಲು, ಅದರ ಮುಂದಿನದಕ್ಕೆ ಇನ್ನೊಂದು ಕಡೆ. ಇವತ್ತಿನ ಹಾಗೆ ಚಿಪ್ ಇಲ್ಲ, ಟ್ರಾನ್ಸಿಸ್ಟರ್ ಇಲ್ಲ. ಮನೆಮನೆಗೆ ರೇಡಿಯೋ ಬರೋಕೆ ಇನ್ನೂ 20 ವರ್ಷಕ್ಕಿಂತ ಹೆಚ್ಚು ಕಾಲ ಇತ್ತು.

ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ತೋರಿಸಿದಾಗ ಜನ ದಂಗಾದರು. 64ರ ಘನಮೂಲ ಎಷ್ಟು ಅಂತ ಯಾರೋ ದೋಣಿಯನ್ನೇ ಕೇಳಿದಾಗ ಅದರ ದೀಪ ನಾಲ್ಕು ಸಲ ಮಿನುಗಿತು ಅನ್ನೋ ಕಥೆಯೂ ಇದೆ. ಮಿನುಗಿಸಿದ್ದು ಟೆಸ್ಲಾ ಕೈಯ ಸ್ವಿಚ್ಚು. 1898ರ ಜುಲೈ 1ಕ್ಕೆ ಪೇಟೆಂಟಿಗೆ ಅರ್ಜಿ ಹಾಕಿದರು. ಪೇಟೆಂಟ್ ಆಫೀಸಿನ ಮುಖ್ಯ ಪರೀಕ್ಷಕರೇ ನ್ಯೂಯಾರ್ಕಿಗೆ ಬಂದು ಕಣ್ಣಾರೆ ನೋಡಿ ಹೋದರು ಅಂತ ಟೆಸ್ಲಾ ಬರೆದುಕೊಂಡಿದ್ದಾರೆ. ಅದೇ ವರ್ಷ ನವೆಂಬರ್ 8ಕ್ಕೆ ಪೇಟೆಂಟ್ ಸಿಕ್ಕಿತು. ನಂಬರ್ 6,13,809.

ನೀರೊಳಗೆ ಹೋಗೋ ಆಸೆ

ಆಗ ಅಮೆರಿಕ ಮತ್ತು ಸ್ಪೇನ್ ನಡುವೆ ಯುದ್ಧ ಆಗಿದ್ದ ವರ್ಷ. ಆಳುಗಳಿಲ್ಲದ ಸಬ್‌ಮರೀನ್ ಮಾಡ್ತೀನಿ, ಅದು ನೀರಿನ ಕೆಳಗೇ ಸಾಗಿ, ಬೇಕಾದ ಕಡೆ ಮೇಲೆ ಬಂದು, ಟಾರ್ಪಿಡೋ ಬಿಟ್ಟು ವಾಪಸ್ ಬರುತ್ತೆ ಅಂತ ಟೆಸ್ಲಾ ಪತ್ರಿಕೆಗಳಿಗೆ ವಿವರಿಸಿದರು. ಮನುಷ್ಯರ ಬದಲು ಯಂತ್ರ ಯುದ್ಧಕ್ಕೆ ಹೋದರೆ ಜನ ಸಾಯೋದು ತಪ್ಪುತ್ತೆ, ಕೊನೆಗೆ ಯುದ್ಧವೇ ನಿಲ್ಲುತ್ತೆ ಅನ್ನೋದು ಅವರ ಲೆಕ್ಕ. ಪೇಟೆಂಟಿನಲ್ಲಿ ಇನ್ನೂ ಬೇರೆ ಉಪಯೋಗಗಳನ್ನೂ ಬರೆದಿದ್ದರು: ಜೀವ ಉಳಿಸೋ ದೋಣಿ, ಪತ್ರ ಮತ್ತು ಸಾಮಾನು ಸಾಗಿಸೋದು, ಮನುಷ್ಯ ಹೋಗಲಾಗದ ಜಾಗ ಪರಿಶೀಲಿಸೋದು.

ಆದರೆ ನೀರೊಳಗೆ ಒಂದು ಕಷ್ಟ ಇದೆ. ರೇಡಿಯೋ ತರಂಗ ಗಾಳಿಯಲ್ಲಿ ಹೋದ ಹಾಗೆ ನೀರಲ್ಲಿ ಹೋಗಲ್ಲ. ಆಳ ಹೆಚ್ಚಿದಷ್ಟೂ ಸಿಗ್ನಲ್ ಸೊರಗುತ್ತೆ, ಉಪ್ಪು ನೀರಲ್ಲಂತೂ ಬೇಗ ಸಾಯುತ್ತೆ. ಇವತ್ತು ಹವ್ಯಾಸಕ್ಕೆ ರಿಮೋಟ್ ಸಬ್‌ಮರೀನ್ ಕಟ್ಟೋರಿಗೂ ಇದೇ ತಲೆನೋವು. ಡ್ರೋನ್‌ಗಳಲ್ಲಿ ಸಾಮಾನ್ಯವಾಗಿರೋ 2.4 ಗಿಗಾಹರ್ಟ್ಸ್ ರಿಮೋಟ್ ನೀರಿಗಿಳಿದ ಕೂಡಲೇ ಕೈಕೊಡುತ್ತೆ. ಹಾಗಾಗಿ 27, 40, 75 ಮೆಗಾಹರ್ಟ್ಸ್‌ನಂಥ ಹಳೇ ಸೆಟ್ಟುಗಳನ್ನೇ ಅವರು ಜೋಪಾನ ಮಾಡಿ ಇಟ್ಟುಕೊಳ್ಳುತ್ತಾರೆ. ಓಡಿಸೋದು ಸಿಹಿನೀರಿನ ಕೊಳದಲ್ಲಿ, ಅದೂ ಹೆಚ್ಚು ಆಳಕ್ಕಲ್ಲ.

ಅವರ ಸಬ್‌ಮರೀನಿನ ಹೊಟ್ಟೆಯಲ್ಲಿ ನೀರು ತುಂಬಿಸೋ ಟ್ಯಾಂಕ್ ಇರುತ್ತೆ. ತುಂಬಿದರೆ ಮುಳುಗುತ್ತೆ, ಖಾಲಿ ಮಾಡಿದರೆ ಏಳುತ್ತೆ. ಮೋಟರ್, ಬ್ಯಾಟರಿ, ರಿಸೀವರ್ ಎಲ್ಲ ನೀರು ನುಗ್ಗದ ಸಿಲಿಂಡರಿನಲ್ಲಿ. ಸಿಗ್ನಲ್ ತಪ್ಪಿದರೆ ಟ್ಯಾಂಕ್ ತಾನೇ ಖಾಲಿಯಾಗಿ ಮೇಲೆ ಬರೋ ಹಾಗೆ ವ್ಯವಸ್ಥೆ ಮಾಡ್ತಾರೆ, ಇಲ್ಲದಿದ್ದರೆ ದುಡ್ಡು ಕೊಳದ ಪಾಲು. ಓಡಿಸಿ ಬಂದ ಮೇಲೆ ಇನ್ನೊಂದು ಕೆಲಸ ಬಾಕಿ: ಸಿಲಿಂಡರ್ ಬಿಚ್ಚಿ ಒರೆಸಿ ಒಣಗಿಸಬೇಕು, ರಬ್ಬರ್ ರಿಂಗಿಗೆ ಕೂದಲು, ಮರಳು ಅಂಟಿದೆಯಾ ನೋಡಿ ಸಿಲಿಕಾನ್ ಗ್ರೀಸ್ ಹಚ್ಚಬೇಕು. ಒಂದು ಕೂದಲೆಳೆ ಸಿಕ್ಕಿಕೊಂಡರೂ ಸಾಕು, ಮುಂದಿನ ಸಲ ನೀರು ಒಳಗೆ.

ಬೇರೆಯವರ ಸಿಗ್ನಲ್ ಬಂದು ದೋಣಿ ದಾರಿ ತಪ್ಪಬಾರದು ಅಂತಲೂ ಟೆಸ್ಲಾ ಯೋಚಿಸಿದ್ದರು. ಬ್ಯಾಂಕ್ ಲಾಕರ್ ತೆಗೆಯೋಕೆ ಬ್ಯಾಂಕಿನ ಕೀ, ನಮ್ಮ ಕೀ ಎರಡೂ ಬೇಕಲ್ಲ, ಹಾಗೆ ಎರಡು ಬೇರೆ ಬೇರೆ ತರಂಗ ಒಟ್ಟಿಗೆ ಬಂದರೆ ಮಾತ್ರ ಯಂತ್ರ ಕೇಳೋ ಉಪಾಯ. ಅದರ ಪೇಟೆಂಟುಗಳು 1903ರಲ್ಲಿ ಸಿಕ್ಕವು.

ವಾಷಿಂಗ್ಟನ್‌ನಲ್ಲಿ ನಗು

ಸರ್ಕಾರಕ್ಕೇ ಕೊಡೋಣ ಅಂತ ಟೆಸ್ಲಾ ವಾಷಿಂಗ್ಟನ್‌ಗೆ ಹೋಗಿ ಅಧಿಕಾರಿಯೊಬ್ಬರನ್ನು ಕಂಡರು. ವಿಷಯ ಕೇಳಿ ಆ ಅಧಿಕಾರಿ ಜೋರಾಗಿ ನಕ್ಕುಬಿಟ್ಟರಂತೆ. ಹೀಗೆ ಆಗಿದ್ದನ್ನು ಟೆಸ್ಲಾ ವಯಸ್ಸಾದ ಮೇಲೂ ಮರೆತಿರಲಿಲ್ಲ.

ಅದೇ ಸಮಯಕ್ಕೆ ಐರ್ಲೆಂಡಿನಿಂದ ಬಂದಿದ್ದ ಜಾನ್ ಹಾಲೆಂಡ್ ಅನ್ನೋ ಮಾಜಿ ಮೇಷ್ಟ್ರು, ಆಳುಗಳು ಒಳಗೆ ಕೂತು ಓಡಿಸೋ ಸಬ್‌ಮರೀನ್ ಮಾಡಿದ್ದರು. 1900ರ ಏಪ್ರಿಲ್‌ನಲ್ಲಿ ಅಮೆರಿಕದ ನೌಕಾಪಡೆ ಅದನ್ನು ಒಂದೂವರೆ ಲಕ್ಷ ಡಾಲರ್ ಕೊಟ್ಟು ಕೊಂಡಿತು. ಆಳಿಲ್ಲದ ದೋಣಿಯನ್ನು ಕೇಳೋರಿರಲಿಲ್ಲ.

ಆದರೆ ತಪ್ಪೆಲ್ಲ ನಕ್ಕವರದ್ದೇ ಅಂತ ಹೇಳೋ ಹಾಗೂ ಇಲ್ಲ. ಹಾಲೆಂಡ್ ಒಂದೇ ಕೆಲಸದ ಬೆನ್ನು ಹತ್ತಿ 20 ವರ್ಷಕ್ಕೂ ಮೇಲೆ ಸವೆಸಿದ್ದರು. ಒಂದಾದ ಮೇಲೊಂದು ಸಬ್‌ಮರೀನ್ ಕಟ್ಟಿ, ಕೆಟ್ಟದ್ದನ್ನು ರಿಪೇರಿ ಮಾಡಿ ಮತ್ತೆ ಮತ್ತೆ ನೀರಿಗೆ ಇಳಿಸಿದ್ದರು. ಟೆಸ್ಲಾ ಪೇಟೆಂಟ್ ಸಿಕ್ಕ ಮರುವರ್ಷವೇ ಕೊಲರಾಡೊಗೆ ಹೊರಟರು. ಅವರ ತಲೆಯಲ್ಲಿ ಆಗಲೇ ಇನ್ನೂ ದೊಡ್ಡ ಆಸೆ, ವೈರ್ ಇಲ್ಲದೆ ಜಗತ್ತಿಗೇ ಕರೆಂಟ್ ಕಳಿಸೋದು. 1901ರಲ್ಲಿ ನ್ಯೂಯಾರ್ಕ್ ಹತ್ತಿರ ವಾರ್ಡನ್‌ಕ್ಲಿಫ್ ಅನ್ನೋ ಜಾಗದಲ್ಲಿ ಭಾರಿ ಗೋಪುರ ಕಟ್ಟಲು ಶುರು ಮಾಡಿದರು. ಸಾಹುಕಾರ ಮಾರ್ಗನ್ ಕೊಟ್ಟ ದುಡ್ಡು ಸಾಲಲಿಲ್ಲ, ಇನ್ನಷ್ಟು ಕೊಡಲು ಅವರು ಒಪ್ಪಲಿಲ್ಲ. 1917ರಲ್ಲಿ ಗೋಪುರವನ್ನು ಕೆಡವಿದರು.

ಅಂಗಡಿ ಇಟ್ಟಿರೋ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಗಡಿ ತೆರೆಯೋ ದಿನ ಎಲ್ಲರೂ ಬರ್ತಾರೆ. ಮರುದಿನದಿಂದ ಶಟರ್ ಎತ್ತಿ, ಕಸ ಗುಡಿಸಿ, ಗಿರಾಕಿಗೆ ಕಾಯೋದಿದೆಯಲ್ಲ, ಅದು ಬೇರೆಯೇ ಕೆಲಸ. ಟೆಸ್ಲಾಗೆ ತೆರೆಯೋದು ಗೊತ್ತಿತ್ತು.

ಅಮೆರಿಕದಲ್ಲಿ ಆಗ ಪೇಟೆಂಟಿನ ಆಯಸ್ಸು 17 ವರ್ಷ. ಲೆಕ್ಕ ಹಾಕಿದರೆ 1915ರ ನವೆಂಬರ್‌ಗೆ ದೋಣಿಯ ಪೇಟೆಂಟ್ ಮುಗಿಯಿತು. ಆ ಹೊತ್ತಿಗೆ ಮೊದಲ ಮಹಾಯುದ್ಧ ನಡೆಯುತ್ತಿತ್ತು, ರೇಡಿಯೋದಿಂದ ಓಡೋ ದೋಣಿಗಳನ್ನು ಬೇರೆಯವರು ಮಾಡಲು ಹೊರಟಿದ್ದರು. ಬೆಳೆ ಕೊಯ್ಲಿಗೆ ಬರುವಾಗ ಜಮೀನಿನ ಗುತ್ತಿಗೆ ಮುಗಿದ ಹಾಗಾಯಿತು.

ರೂಮ್ ನಂಬರ್ 3327

ಟೆಸ್ಲಾ ಮದುವೆ ಆಗಲಿಲ್ಲ, ಸ್ವಂತ ಮನೆ ಮಾಡಲಿಲ್ಲ. ಹೋಟೆಲಿನಿಂದ ಹೋಟೆಲಿಗೆ ಹೋಗುತ್ತಾ, ಬಿಲ್ ಬಾಕಿ ಉಳಿಸುತ್ತಾ ಬದುಕಿದರು. 1934ರಿಂದ ನ್ಯೂಯಾರ್ಕರ್ ಹೋಟೆಲಿನಲ್ಲಿ ಇದ್ದರು. ಹಿಂದೆ ಅವರ ಮೋಟರಿನಿಂದ ಬೆಳೆದ ವೆಸ್ಟಿಂಗ್‌ಹೌಸ್ ಕಂಪನಿಯೇ ರೂಮಿನ ಬಾಡಿಗೆ ಮತ್ತು ತಿಂಗಳಿಗೆ 125 ಡಾಲರ್ ಕೊಡುತ್ತಿತ್ತು. ಪಾರಿವಾಳಗಳಿಗೆ ಕಾಳು ಹಾಕೋದು, ಗಾಯಗೊಂಡವನ್ನು ರೂಮಿಗೆ ತಂದು ಆರೈಕೆ ಮಾಡೋದು ಅವರಿಗೆ ಬಹಳ ಇಷ್ಟ. 1943ರ ಜನವರಿ 7ರಂದು 33ನೇ ಮಹಡಿಯ ರೂಮ್ ನಂಬರ್ 3327ರಲ್ಲಿ ತೀರಿಕೊಂಡರು. ವಯಸ್ಸು 86. ಹತ್ತಿರ ಯಾರೂ ಇರಲಿಲ್ಲ. ನೋಡಿದ್ದು ಹೋಟೆಲಿನ ಕೆಲಸದಾಕೆ.

1960ರಲ್ಲಿ ಅಯಸ್ಕಾಂತ ಕ್ಷೇತ್ರದ ಬಲ ಅಳೆಯೋ ಮಾನಕ್ಕೆ ಟೆಸ್ಲಾ ಅಂತ ಹೆಸರಿಟ್ಟರು. ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸೋಕೆ ಹೋದಾಗ 1.5 ಟೆಸ್ಲಾ, 3 ಟೆಸ್ಲಾ ಅಂತಾರಲ್ಲ, ಅದು ಇವರದ್ದೇ ಹೆಸರು.

ದೋಣಿಯ ವಿಷಯಕ್ಕೆ ಬಂದರೆ, ಯಂತ್ರ ಯುದ್ಧಕ್ಕೆ ಹೋದರೆ ಮನುಷ್ಯ ಸಾಯಲ್ಲ ಅನ್ನೋ ಅವರ ಲೆಕ್ಕ ತಪ್ಪಿತು. ಇವತ್ತು ಡ್ರೋನ್ ಯುದ್ಧದ ಸುದ್ದಿ ದಿನಾ ಟಿವಿಯಲ್ಲಿ ನೋಡ್ತಿದ್ದೀವಿ, ಕೆಳಗೆ ಸಾಯೋರು ಮನುಷ್ಯರೇ. ಆದರೆ ಅದೇ ಪೇಟೆಂಟಿನಲ್ಲಿ ಬರೆದಿದ್ದ ಇನ್ನೊಂದು ಮಾತು ನಿಜವಾಯಿತು. ಮನುಷ್ಯ ಇಳಿಯಲಾಗದ ಸಮುದ್ರದ ತಳಕ್ಕೆ ಈಗ ಆಳಿಲ್ಲದ ಯಂತ್ರಗಳು ಇಳಿದು ನೋಡಿಕೊಂಡು ಬರುತ್ತಿವೆ. ಎರಡೂ ಆ ನಾಲ್ಕು ಅಡಿ ದೋಣಿಯ ಮಕ್ಕಳೇ.